ಏಳನೇ ಬಾಗಿಲಿನ ಅಗುಳಿ

ಜೂನ್ ೩, ಮಂಗಳವಾರ

ನಮ್ಮ ಬಡಗಿ ಅಂಗಡಿಯ ಈ ಅಳತೆ ಪುಸ್ತಕದ ಮುಂಬದಿ ಮಾವನದು, ಹಿಂಬದಿ ನನ್ನದು. ಮುಂದಿನಿಂದ ಬಾಗಿಲುಗಳ ಎತ್ತರ ಅಗಲ ಬರೆಯುತ್ತೇವೆ. ಪುಸ್ತಕ ತಿರುಗಿಸಿ ಹಿಂದಿನಿಂದ ನಾನು ನನ್ನ ಸಂಗತಿ ಬರೆಯುತ್ತೇನೆ. ಎರಡೂ ಎಲ್ಲಿ ಸೇರುತ್ತವೋ ಅಲ್ಲಿ ಹೊಸ ಪುಸ್ತಕ ಕೇಳಿದರಾಯಿತು. ಮುಂಬದಿಯಲ್ಲಿ ಒಂದು ಅಂಕಿ ಸುಳ್ಳಾದರೆ ಒಂದು ಹಲಗೆ ಹಾಳಾಗುತ್ತದೆ. ಹಿಂಬದಿಗೂ ಅದೇ ನಿಯಮ.

ಇವತ್ತು ಬರೆಯಲೇಬೇಕು. ಹನ್ನೆರಡು ವರ್ಷದಿಂದ ಯಾರ ಕಣ್ಣಿಗೂ ಬೀಳದ್ದು ನನ್ನ ಕಣ್ಣಿಗೆ ಬಿದ್ದಿದೆ.

ನಾವು ಕಂಪ್ಯೂಟರಿನಲ್ಲಿ ಆಡುವ ಆಟದಲ್ಲಿ ಹಿರಿಯ ಎಲ್ಫರ ಊರೊಂದಿದೆ. ಒಂದರೊಳಗೊಂದು ಏಳು ಗೋಡೆ, ಏಳು ಬಾಗಿಲು. ಆರು ಬಾಗಿಲು ಹಾರುಹೊಡೆದಿವೆ. ಏಳನೆಯದು ಮುಚ್ಚಿದೆ. ಅದು ಯಾವ ಕೀಲಿಕೈಗೂ ಯಾವ ಮಂತ್ರಕ್ಕೂ ಬಗ್ಗಿಲ್ಲ. ಒಳಗೆ ಹೋದ ಎಲ್ಫರು ಮತ್ತೆ ಹೊರಗೆ ಬಂದಿಲ್ಲ. ಪಕ್ಕದಲ್ಲಿ ಒಡೆದ ಕಲ್ಲಿನ ಮೇಲೆ ಒಂದೇ ಸಾಲು: ‘ಬಾಗಿಲು ಮುಚ್ಚಿದ ದಿನ ಯಾರೂ ಅಳಲಿಲ್ಲ.’ ಆಟದಲ್ಲಿ ಅವರ ಬಗ್ಗೆ ಇರುವುದು ಅಷ್ಟೇ. ಯಾಕೆ ಮುಚ್ಚಿದರು, ಯಾರ ಮೇಲಿನ ಸಿಟ್ಟಿಗೆ, ಒಂದೂ ಇಲ್ಲ. ಅದಕ್ಕೇ ನಮ್ಮ ಕಟ್ಟೆ ಇರುವುದು.

ಕಟ್ಟೆ ಅಂದರೆ ನಮ್ಮ ಗುಂಪು. ಪ್ರತಿ ಭಾನುವಾರ ಸಂಜೆ ನಾಲ್ಕಕ್ಕೆ ಕಂಪ್ಯೂಟರಿನಲ್ಲೇ ಮಾತಿಗೆ ಸೇರುತ್ತೇವೆ. ಯಾರಿಗೂ ಯಾರ ಹೆಸರೂ ಗೊತ್ತಿಲ್ಲ. ನಾನು ಅಲ್ಲಿ ‘ಮೊಳೆ’. ಎಲ್ಲರಿಗಿಂತ ದೊಡ್ಡವರು ‘ಪಂಡಿತರು’. ಅವರ ವಾದ: ಎಲ್ಫರು ಮಹಾ ಅಹಂಕಾರಿಗಳು, ಮನುಷ್ಯರ ಮುಖ ನೋಡಲು ಅಸಹ್ಯಪಟ್ಟು ಒಳಗಿನಿಂದ ಅಗುಳಿ ಹಾಕಿಕೊಂಡರು, ಅದಕ್ಕೇ ಯಾರೂ ಅಳಲಿಲ್ಲ. ಆಟಗಾರರೆಲ್ಲ ಓದುವ ನಮ್ಮ ‘ಕೋಶ’ದ ಮೊದಲ ಪುಟದಲ್ಲಿ ಇದೇ ಇದೆ, ನೆತ್ತಿಯ ಮೇಲೆ ಅವರ ಹೆಸರಿನೊಂದಿಗೆ.

ಮಧ್ಯಾಹ್ನ ಊಟದ ಬಿಡುವಿನಲ್ಲಿ ಆಟ ತೆರೆದು ಏಳನೇ ಬಾಗಿಲ ಮುಂದೆ ಸುಮ್ಮನೆ ನಿಂತಿದ್ದೆ. ಎರಡು ಕದದ ಬಾಗಿಲು. ಎರಡರ ಮೇಲೂ ಸೊಂಟದ ಎತ್ತರದಲ್ಲಿ ಕಬ್ಬಿಣದ ಕೊಕ್ಕೆಗಳಿವೆ, ಬಾಯಿ ಮೇಲಕ್ಕೆ. ಎಲ್ಲರೂ ಅದನ್ನು ಅಲಂಕಾರ ಎಂದುಕೊಂಡಿದ್ದಾರೆ. ಮೂರು ವರ್ಷದಿಂದ ಬಾಗಿಲು ಮಾಡುತ್ತಿರುವವಳಿಗೆ ಅಲಂಕಾರ ಯಾವುದು, ಅಡ್ಡ ಅಗುಳಿ ಕೂರಿಸುವ ಕೊಂಡಿ ಯಾವುದು ಎಂದು ಬೇರೆ ಹೇಳಬೇಕೆ?

ಕೊಂಡಿಗಳು ನಾವು ನಿಂತ ಕಡೆ ಇವೆ. ಹೊರಗೆ.

ಅಂದರೆ ಎಲ್ಫರು ಬಾಗಿಲು ಹಾಕಿಕೊಂಡಿಲ್ಲ. ಅವರನ್ನು ಒಳಗೆ ಹಾಕಿ, ಯಾರೋ ಹೊರಗಿನಿಂದ ಅಗುಳಿ ಜಡಿದಿದ್ದಾರೆ. ಅಳದವರು ಎಲ್ಫರಲ್ಲ, ಜಡಿದವರು!

ಎದ್ದು ಕುಣಿದುಬಿಟ್ಟೆ. ಮಾವ ಕೀಸುಳಿ ನಿಲ್ಲಿಸಿ, “ಏನು ಪುಟ್ಟಾ, ಕಾಲಿಗೆ ಸಿಬಿರು ಚುಚ್ತಾ?” ಎಂದರು.

ಜೂನ್ ೫, ಗುರುವಾರ

ಮನೆಯಲ್ಲಿ ಹೇಳಿದೆ. ಹೇಳಬಾರದಿತ್ತು.

“ಎಲ್ಫ್ ಅಂದ್ರೆ ಯಾರೇ ಅದು?” ಅಂದಳು ಅಮ್ಮ. ಅವಳು ಆಸ್ಪತ್ರೆಯ ಬಟ್ಟೆ ಒಗೆಯುವ ವಿಭಾಗದಲ್ಲಿ ಕೆಲಸ ಮಾಡುತ್ತಾಳೆ. ಮನೆಗೆ ಬಂದರೂ ಕೈ ಸುಮ್ಮನಿರದು, ಕಂಡದ್ದನ್ನೆಲ್ಲ ಮಡಚಿ ಇಡುತ್ತಾಳೆ.

“ಉದ್ದ ಕಿವಿ, ಉದ್ದ ಆಯಸ್ಸು. ಸಾವಿರ ವರ್ಷ ಬದುಕ್ತಾರೆ.”

“ಸಾವಿರ ವರ್ಷ ಇದ್ದೂ ಬಾಗಿಲು ತೆಗೆಯೋಕೆ ಬರ್ಲಿಲ್ವಾ?”

ಅಕ್ಕ ನಕ್ಕಳು. ಅವಳು ಔಷಧಿ ಅಂಗಡಿಯಲ್ಲಿ ಲೆಕ್ಕ ನೋಡಿಕೊಳ್ಳುತ್ತಾ ಓದುತ್ತಾಳೆ. ನಗುತ್ತಲೇ ಗೋಡೆಯ ಗೂಡಿನಲ್ಲಿದ್ದ ಕಾಗದ ತೆಗೆದು ನನ್ನ ತಟ್ಟೆಯ ಪಕ್ಕ ಇಟ್ಟಳು. ಹತ್ತನೇ ತರಗತಿಗೆ ಹೊರಗಿನಿಂದ ಪರೀಕ್ಷೆ ಕಟ್ಟುವ ಅರ್ಜಿ. ವರ್ಷಕ್ಕೊಮ್ಮೆ ತರುತ್ತಾಳೆ. ಇದು ಮೂರನೆಯದು.

“ಕೊನೇ ದಿನ ತಿಂಗಳ ಮೂವತ್ತು,” ಎಂದಳು.

“ಕೊಂಡಿ ಹೊರಗಡೆ ಇದೆ ಅಕ್ಕಾ. ಅದನ್ನ ಹನ್ನೆರಡು ವರ್ಷ ಯಾರೂ—”

“ಅರ್ಜಿ ಒಳಗಡೆ ಇದೆ. ಅದನ್ನ ಮೂರು ವರ್ಷದಿಂದ ಒಬ್ಳು ನೋಡಿಲ್ಲ.”

ನಾನ್ಯಾಕೆ ಶಾಲೆ ಬಿಟ್ಟೆ ಅನ್ನುವುದಕ್ಕೆ ನಮ್ಮ ಮನೆಯಲ್ಲೇ ಒಂದು ಕಟ್ಟೆ ಇದೆ. ಅಮ್ಮನ ಪ್ರಕಾರ ಜಂಬ. ಅಕ್ಕನ ಪ್ರಕಾರ ಹಟ. ಮಾವನ ಪ್ರಕಾರ ನನಗೆ ಕೂತಲ್ಲಿ ಕೂರಲು ಆಗುವುದಿಲ್ಲ, ಅಷ್ಟೆ. ನಡೆದದ್ದು ಇಷ್ಟು: ಗಣಿತದ ಪರೀಕ್ಷೆಯ ಹಿಂದಿನ ದಿನವೇ ಪ್ರಶ್ನೆಪತ್ರಿಕೆ ಎಲ್ಲರ ಫೋನಿಗೂ ಬಂದಿತ್ತು. ಎಲ್ಲರೂ ನೋಡಿದರು, ನಾನೂ ನೋಡಿದೆ. ಕೊಠಡಿಯಲ್ಲಿ ಎದ್ದು ನಿಂತು ‘ಮಿಸ್, ನಾನಿದನ್ನು ನೋಡಿದ್ದೀನಿ’ ಎಂದವಳು ನಾನೊಬ್ಬಳೇ. ನನ್ನೊಬ್ಬಳನ್ನೇ ಹೊರಗೆ ಕಳಿಸಿದರು. ಸತ್ಯ ಹೇಳಿದವಳನ್ನು ಹೊರಗೆ ಹಾಕಿದ ಬಾಗಿಲನ್ನು ನಾನು ಯಾಕೆ ಮತ್ತೆ ತಟ್ಟಬೇಕು?

ಅರ್ಜಿಯ ಹಿಂಬದಿ ಖಾಲಿಯಿತ್ತು, ಕಾಗದವೂ ಗಟ್ಟಿ. ಏಳನೇ ಬಾಗಿಲಿನ ಚಿತ್ರ ಬರೆಯಲು ಚೆನ್ನಾಗಿದೆ.

ಜೂನ್ ೮, ಭಾನುವಾರ

ಕಟ್ಟೆಯಲ್ಲಿ ಹೇಳಿದೆ. ಮೊದಲು ಯಾರೂ ಕಿವಿಗೆ ಹಾಕಿಕೊಳ್ಳಲಿಲ್ಲ. ‘ಬಾಣಲಿ’ ಮಾತ್ರ ಕೇಳಿಸಿಕೊಂಡಳು. ಅವಳು ಯಾವುದೋ ಹಾಸ್ಟೆಲಿನಲ್ಲಿ ಅಡುಗೆ ಮಾಡುತ್ತಾಳೆ, ಆಟದಲ್ಲಿ ಗುರಾಣಿಯ ಬದಲು ನಿಜವಾಗಿಯೂ ಬಾಣಲಿ ಹಿಡಿದು ತಿರುಗುತ್ತಾಳೆ.

“ತಡೀರಿ, ತಡೀರಿ. ಮೊಳೆ ಏನೋ ಹೇಳ್ತಿದಾಳೆ. ಏನೇ ಅದು ಕೊಂಡಿ?”

ನಾನು ಚಿತ್ರ ತೋರಿಸಿದೆ. ಅಗುಳಿ ಎಲ್ಲಿ ಕೂರುತ್ತದೆ, ಯಾರ ಕೈಗೆ ಸಿಗುತ್ತದೆ. ನಾಲ್ಕು ಜನ ಕೂಡಲೇ ಆಟದೊಳಗೆ ಓಡಿ ಬಾಗಿಲು ನೋಡಿ ಬಂದರು. ಒಬ್ಬ, “ಅಯ್ಯಯ್ಯೋ, ನಿಜ ಕಣ್ರೋ,” ಎಂದ. ಆಮೇಲೆ ಸಂತೆ.

ಪಂಡಿತರು ಕೊನೆಗೆ ಮಾತಾಡಿದರು. ಅವರ ದನಿ ನಿಧಾನ, ಮಧ್ಯೆ ಮಧ್ಯೆ ಕೆಮ್ಮು. “ನೀವು ಯಾವ ಆಧಾರದ ಮೇಲೆ ಅದನ್ನ ಅಗುಳಿ ಕೊಂಡಿ ಅಂತೀರಿ?”

“ನಾನು ವಾರಕ್ಕೆ ಮೂರು ಬಾಗಿಲು ಮಾಡ್ತೀನಿ ಸರ್.”



“ಸರಿ,” ಎಂದರು. “ಇಪ್ಪತ್ತೆರಡಕ್ಕೆ ಮತಕ್ಕೆ ಹಾಕೋಣ. ನಿಮ್ಮ ವಾದ ಗೆದ್ದರೆ ಕೋಶದ ಮೊದಲ ಪುಟ ನಿಮ್ಮದು. ನಿಮ್ಮ ಹೆಸರಲ್ಲೇ.”

ನನ್ನ ಹೆಸರು ಇಲ್ಲಿಯವರೆಗೆ ಅಚ್ಚಾಗಿರುವುದು ಒಂದೇ ಕಡೆ. ಶಾಲೆಯ ಫಲಿತಾಂಶದ ಪಟ್ಟಿಯಲ್ಲಿ, ಮುಂದೆ ಒಂದು ಅಡ್ಡಗೆರೆ. ಈಗ ಪುಟದ ನೆತ್ತಿಯ ಮೇಲೆ ಬರುತ್ತದೆ.

ಜೂನ್ ೧೧, ಬುಧವಾರ

ನಲವತ್ತು ಜನ ನನ್ನ ಕಡೆ. ಅಂಗಡಿಯಲ್ಲಿ ಎರಡು ಕಿಟಕಿ ಮುಗಿಸಿದೆ. ಹೆಗಲಿಗೆ ನೋವಿಲ್ಲ, ಹಸಿವಿಲ್ಲ, ಕಾಲು ನೆಲದ ಮೇಲೆ ನಿಲ್ಲುತ್ತಿಲ್ಲ.

ಜೂನ್ ೧೫, ಭಾನುವಾರ

ಇವತ್ತಿನ ಕಟ್ಟೆ ಪೂರ್ತಿ ನನ್ನದೇ. ನನ್ನ ವಾದದ ಮೇಲೆ ಬೇರೆಯವರು ಮಹಡಿ ಕಟ್ಟತೊಡಗಿದ್ದಾರೆ. ಹೊರಗಿನಿಂದ ಜಡಿದವರು ಯಾರು? ಮನುಷ್ಯರ ಮೊದಲ ರಾಜ ಎಂದು ಒಬ್ಬ. ಎಲ್ಫರ ಸ್ವಂತ ಮಕ್ಕಳೇ ಎಂದು ಇನ್ನೊಬ್ಬ, ಆಸ್ತಿಗಾಗಿಯಂತೆ. ಬಾಣಲಿ ಎಂದಳು, “ಸಾವಿರ ವರ್ಷ ಸಾಯದ ಅಪ್ಪನ್ನ ಇಟ್ಕೊಂಡ್ರೆ ಮಕ್ಕಳು ಇನ್ನೇನ್ ಮಾಡ್ತಾರೆ ಪಾಪ.”

ಪಂಡಿತರು ಸೋಲುತ್ತಿದ್ದಾರೆಂದು ಅವರಿಗೇ ಗೊತ್ತು. ಆದರೂ ಒಂದು ಪ್ರಶ್ನೆ ಎಸೆದರು. “ಮೊಳೆಯವರೇ, ಎಲ್ಫರು ನಿರ್ದೋಷಿಗಳು ಅಂತ ನಿಮಗೆ ಇಷ್ಟು ಖುಷಿ ಯಾಕೆ?”

“ಖುಷಿ ಅಲ್ಲ ಸರ್, ಸಾಕ್ಷಿ.”

ಚಪ್ಪಾಳೆ ಬಿತ್ತು. ಚೆನ್ನಾಗಿತ್ತು ಉತ್ತರ. ಪ್ರಶ್ನೆ ಮಾತ್ರ ಹಲ್ಲಿನ ಸಂದಿಯ ನಾರಿನ ಹಾಗೆ ಸಿಕ್ಕಿಕೊಂಡಿದೆ.

ಜೂನ್ ೧೭, ಮಂಗಳವಾರ

ದರ್ಜಿ ಅಜ್ಜಿಯ ಮನೆಗೆ ಬಚ್ಚಲಿನ ಬಾಗಿಲು ಕೂರಿಸಿ ಬಂದೆ. ಮಾವ ಬರಲಿಲ್ಲ. ಮೊದಲ ಸಲ ಒಬ್ಬಳೇ ಅಳತೆ ತೆಗೆದು, ಒಬ್ಬಳೇ ಮಾಡಿ, ಒಬ್ಬಳೇ ಕೂರಿಸಿದ್ದು. ಮೂರೂ ಬದಿಯ ಸಂದಿ ಸಮ. ಬೆರಳಲ್ಲಿ ತಳ್ಳಿದರೆ ತಾನಾಗಿ ಹೋಗಿ ಮುಚ್ಚುತ್ತದೆ. ಕೆಲಸ ಮಾಡುವಾಗ ಭಾನುವಾರದ ಭಾಷಣ ಬಾಯಿಪಾಠ ಮಾಡುತ್ತಿದ್ದೆ. ಎರಡೂ ಚೆನ್ನಾಗಿ ಬಂದವು.

ಜೂನ್ ೧೮, ಬುಧವಾರ

ಬೆಳಿಗ್ಗೆ ಹತ್ತಕ್ಕೆ ದರ್ಜಿ ಅಜ್ಜಿಯ ಫೋನು. ಮಾವ ಕೇಳಿಸಿಕೊಂಡು ನನ್ನ ಕಡೆ ನೋಡಿದ ನೋಟ ಬರೆಯಲು ಬರುವುದಿಲ್ಲ.

“ಪುಟ್ಟಾ, ಆ ಕದದ ಮೇಲೆ ‘ಒಳ’ ಅಂತ ಬರೆದಿದ್ಯಾ?”

ನಮ್ಮ ಅಂಗಡಿಯ ಮೊದಲ ಪಾಠ ಅದು. ಕದವನ್ನು ಬೆಂಚಿನ ಮೇಲೆ ಮಲಗಿಸಿದ ಕೂಡಲೇ, ಉಳಿ ಮುಟ್ಟುವ ಮೊದಲು, ಒಳಗೆ ಬರುವ ಮೈಮೇಲೆ ಸೀಮೆಸುಣ್ಣದಲ್ಲಿ ‘ಒಳ’ ಎಂದು ಬರೆಯಬೇಕು. ಮಲಗಿದ ಕದಕ್ಕೆ ಎರಡು ಮೈಯೂ ಒಂದೇ ಥರ. ಮೂವತ್ತು ವರ್ಷ ಕೆಲಸ ಮಾಡಿರುವ ಮಾವ ಇವತ್ತಿಗೂ ಬರೆಯುತ್ತಾರೆ. ನಾನು ಬರೆದಿರಲಿಲ್ಲ.

ಓಡಿದೆ. ಅಜ್ಜಿ ಹೊಲಿಗೆ ಯಂತ್ರದ ಮುಂದೆ ಕೂತಿದ್ದರು. ಸೊಸೆ ಅಡುಗೆಮನೆಯ ಬಾಗಿಲಲ್ಲಿ ನಿಂತು ಮೂಗು ಒರೆಸುತ್ತಿದ್ದಳು. ಬಚ್ಚಲ ಬಾಗಿಲಿನ ಅಗುಳಿ ಹೊರಗಡೆ ಇತ್ತು. ನಾನೇ ಹಾಕಿದ್ದು, ನಾಲ್ಕು ಸ್ಕ್ರೂ ಬಿಗಿದು.

ಆದದ್ದು ಇಷ್ಟು. ಸೊಸೆಗೆ ತೆರೆದ ಅಗುಳಿ ಕಂಡರೆ ಹಾಕಿಯೇ ಹೋಗುವ ಅಭ್ಯಾಸ. ಮುಂಜಾನೆ ಪೇಟೆಗೆ ಹೊರಟವಳು ಬಚ್ಚಲಲ್ಲಿ ಯಾರೂ ಇಲ್ಲವೆಂದು ಹಾದುಹೋಗುತ್ತಾ ಅಗುಳಿ ಹಾಕಿದ್ದಾಳೆ. ಅಜ್ಜಿ ಒಳಗೆ. ಒಂದು ಗಂಟೆ.

“ಮೊದಲು ಕೂಗಿದೆ,” ಅಂದರು ಅಜ್ಜಿ. “ಆಮೇಲೆ ಬಕೆಟ್ ಬೋರಲು ಹಾಕ್ಕೊಂಡು ಕೂತೆ. ಕೂತ್ಮೇಲೆ ತಲೆ ಓಡೋಕೆ ಶುರುವಾಯ್ತು ನೋಡು. ಮೊನ್ನೆ ಸಾರಿಗೆ ಉಪ್ಪು ಜಾಸ್ತಿ ಅಂದಿದ್ದೆ, ಅದಕ್ಕೇ ಇರ್ಬೇಕು. ಇಲ್ಲ, ಇವಳ ತಾಯಿ ಬಂದಾಗ ನಾನು ಮಾತಾಡ್ಸಿರ್ಲಿಲ್ಲ, ಅದಕ್ಕೇ ಇರ್ಬೇಕು. ಮದುವೆ ದಿನದಿಂದ ಇವಳ ಮನಸ್ಸಲ್ಲಿ ಏನೇನಿತ್ತು ಅಂತ ಒಂದೊಂದೇ ಜೋಡಿಸಿದೆ. ಎಲ್ಲ ಸರಿಯಾಗಿ ಕೂತ್ಕೊಂಡ್ತು! ಒಂದು ಗಂಟೇಲಿ ದೊಡ್ಡ ಗ್ರಂಥ ಆಯ್ತು ಮಗಳೇ.”

“ಈಚೆ ಬಂದವರು ಅದೇ ಗ್ರಂಥ ಓದಿಬಿಟ್ರು ನನ್ನ ಮುಂದೆ,” ಎಂದು ಸೊಸೆ ಅತ್ತಳು.

ನಾನು ಇಬ್ಬರ ನಡುವೆ ನಿಂತು ಹೇಳಿದೆ. “ಅಜ್ಜಿ, ಇದರಲ್ಲಿ ನಿಮ್ಮ ಸೊಸೇದು ಏನೂ ಇಲ್ಲ. ಯಾರ ಮನಸ್ಸಲ್ಲೂ ಏನಿಲ್ಲ. ನಾನು ಅಗುಳಿ ಉಲ್ಟಾ ಹಾಕಿದೀನಿ. ಗಮನ ಎಲ್ಲೋ ಇತ್ತು.”

ಅಜ್ಜಿ ನನ್ನನ್ನೂ ಬಾಗಿಲನ್ನೂ ನೋಡಿದರು. “ಅಷ್ಟೇನಾ?”

“ಅಷ್ಟೇ.”

“ಥೂ. ಎಷ್ಟು ಚೆನ್ನಾಗಿ ಕಟ್ಟಿದ್ದೆ,” ಎಂದರು. ಮೊದಲು ನಕ್ಕವಳು ಸೊಸೆ.

ಅಗುಳಿ ಬಿಚ್ಚಿ ಒಳಗೆ ಹಾಕಿದೆ. ಹಳೆಯ ತೂತುಗಳಿಗೆ ಮರದ ಬೆಣೆ ಹೊಡೆದು ಉಜ್ಜಿದೆ. ಇನ್ನು ಗೊತ್ತಿದ್ದವರಿಗೆ ಮಾತ್ರ ಕಾಣುತ್ತದೆ.

ದಾರಿಯುದ್ದಕ್ಕೂ ಒಂದೇ ಯೋಚನೆ. ನಾನು ಆಟದ ಬಾಗಿಲಿನ ಕೊಂಡಿ ಮಾತ್ರ ನೋಡಿದ್ದೇನೆ. ಕದ ತಿರುಗುವ ಕೀಲು ನೋಡಿಲ್ಲ.

ಜೂನ್ ೧೯, ಗುರುವಾರ

ನೋಡಿದೆ.

ಅಳತೆಯ ಹಾಗೆ ಬರೆಯುತ್ತೇನೆ, ಇಲ್ಲದಿದ್ದರೆ ನನಗೆ ನಾನೇ ಮೋಸ ಮಾಡಿಕೊಳ್ಳುತ್ತೇನೆ.

ತೆರೆದಿರುವ ಆರು ಬಾಗಿಲುಗಳು ಒಳಕ್ಕೆ ತೆರೆದು ಗೋಡೆಗೆ ಒರಗಿವೆ. ಅವುಗಳ ಒಳಮೈ ಗೋಡೆಯ ಕಡೆಗಿದೆ, ಯಾರಿಗೂ ಕಾಣುವುದಿಲ್ಲ. ಮೊದಲನೇ ಬಾಗಿಲಿನ ಕದಕ್ಕೂ ಗೋಡೆಗೂ ನಡುವೆ ಒಬ್ಬರು ತೂರುವಷ್ಟು ಸಂದಿಯಿದೆ. ತೂರಿದೆ. ಅಲ್ಲಿವೆ ಕೊಂಡಿಗಳು, ಅವೇ ಕೊಂಡಿಗಳು. ಕೆಳಗಿನ ಹಲಗೆಯಲ್ಲಿ ಮೀನಿನ ಕಣ್ಣಿನಂಥ ಒಂದು ಗಂಟು. ಎರಡನೆಯ ಬಾಗಿಲ ಹಿಂದೆಯೂ ಹೀಗೇ ತೂರಿದೆ, ಅದೇ ಜಾಗದಲ್ಲಿ ಅದೇ ಗಂಟು. ಆರರಲ್ಲೂ. ಆಟ ಮಾಡಿದವರು ಒಂದೇ ಬಾಗಿಲು ಮಾಡಿ ಏಳು ಕಡೆ ನಿಲ್ಲಿಸಿದ್ದಾರೆ. ಏಳನೆಯದರಲ್ಲಿ ಆ ಗಂಟು ಹೊರಗಿದೆ. ಅಂದರೆ ಅದೊಂದು ಮಾತ್ರ ಹಿಂದುಮುಂದು.

ಬೇಕೆಂದೇ ತಿರುಗಿಸಿರಬಹುದಲ್ಲ, ಸೆರೆಮನೆ ಮಾಡಲು? ಇದೇ ಆಸೆಯಿಂದ ಕೀಲು ನೋಡಿದೆ. ಒಳಕ್ಕೆ ತೆರೆಯುವ ಬಾಗಿಲಿನ ಚೌಕಟ್ಟಿಗೆ ಹೊರಗಡೆ ಒಂದು ತಡೆಯಂಚು ಇರುತ್ತದೆ, ಕದ ಬಂದು ಅದಕ್ಕೆ ತಾಗಿ ನಿಲ್ಲುತ್ತದೆ. ಕೀಲಿನ ಗೆಣ್ಣು, ಅಂದರೆ ಕಡ್ಡಿ ತೂರುವ ಉರುಟು ಭಾಗ, ಒಳಗಿರುತ್ತದೆ. ಏಳನೇ ಬಾಗಿಲಲ್ಲಿ ತಡೆಯಂಚೂ ಹೊರಗೆ, ಗೆಣ್ಣೂ ಹೊರಗೆ. ಕಲ್ಲಿನ ಅಂಚನ್ನು ಸೀಳಿಕೊಂಡು ಗೆಣ್ಣು ಹೊರಬಂದಿದೆ. ಇಂಥ ಬಾಗಿಲು ಒಳಕ್ಕೂ ಹೋಗದು, ಹೊರಕ್ಕೂ ಬಾರದು. ಎಲ್ಫರೂ ಇದನ್ನು ಮುಚ್ಚಿಲ್ಲ, ಮನುಷ್ಯರೂ ಮುಚ್ಚಿಲ್ಲ. ಇದು ಯಾವತ್ತೂ ತೆರೆದೇ ಇರಲಿಲ್ಲ.

ಯಾರೋ ಒಬ್ಬರು ಗಮನ ಎಲ್ಲೋ ಇಟ್ಟುಕೊಂಡು ಉಲ್ಟಾ ನಿಲ್ಲಿಸಿದ್ದಾರೆ. ಅವರೂ ‘ಒಳ’ ಎಂದು ಬರೆದಿರಲಿಲ್ಲ.

ನನ್ನ ಸಾಕ್ಷಿ ಅಂದರೆ ಅಜ್ಜಿಯ ಬಕೆಟ್ಟಿನ ಮೇಲಿನ ಗ್ರಂಥ.

ಜೂನ್ ೨೦, ಶುಕ್ರವಾರ

ಭಾನುವಾರ ಯಾರಿಗೆ ಮತ ಎಂದು ಈಗಲೇ ಹೇಳಿದವರ ಲೆಕ್ಕ: ನನಗೆ ಐವತ್ತೆಂಟು, ಪಂಡಿತರಿಗೆ ಹದಿನೇಳು.

ಜೂನ್ ೨೧, ಶನಿವಾರ

ಬಾಣಲಿಗೆ ಫೋನು ಮಾಡಿ ಹೇಳಿದೆ. ಹಿಂದೆ ಪಾತ್ರೆಗಳ ಸದ್ದು.

“ಕೀಲು ಯಾರಿಗೆ ಗೊತ್ತು?” ಎಂದಳು.

“ನಂಗೆ.”

“ನಿನ್ನ ಬಿಟ್ಟು?”

“ಯಾರಿಗೂ ಇಲ್ಲ.”

“ಮತ್ತೆ? ಸುಮ್ನಿರು. ನಾಳೆ ಗೆಲ್ಲು. ಆಮೇಲೆ ಒಂದು ತಿಂಗಳು ಬಿಟ್ಟು, ಅಯ್ಯೋ ಈಗ ನೋಡಿದೆ ಅಂತ ಹೇಳು. ಆಗ ಎರಡು ಸಲ ಹೆಸರು ಬರುತ್ತೆ.”

ಅವಳು ಕೆಟ್ಟವಳಲ್ಲ, ನನ್ನ ಒಳ್ಳೆಯದಕ್ಕೇ ಹೇಳಿದಳು. ನನಗೂ ಆ ಮಾತು ಐದು ನಿಮಿಷ ಬಹಳ ಸರಿ ಎನ್ನಿಸಿತು. ಅದನ್ನೂ ಬರೆದಿಡುತ್ತೇನೆ: ಐದಲ್ಲ, ಮಧ್ಯಾಹ್ನದಿಂದ ಸಂಜೆಯವರೆಗೆ. ಕೀಸುಳಿ ಹಿಡಿದು ಒಂದು ಹಲಗೆಯನ್ನು ಬೇಕಾದ್ದಕ್ಕಿಂತ ಎರಡು ನೂಲು ತೆಳ್ಳಗೆ ಮಾಡಿದೆ. ಮಾವ ಸಿಪ್ಪೆ ಎತ್ತಿ ನೋಡಿ, “ಇವತ್ತು ಹಲಗೆ ಮಾಡ್ತಿದೀಯೋ ಕಾಗದ ಮಾಡ್ತಿದೀಯೋ?” ಎಂದರು.

“ಮಾವ, ನೀವು ಯಾವತ್ತಾದ್ರೂ ಉಲ್ಟಾ ಹಾಕಿದ್ದೀರಾ?”

“ಎರಡು ಸಲ.”

“ಹೇಳಿದ್ರಾ?”

“ಒಂದು ಸಲ ಹೇಳಿದೆ. ಇನ್ನೊಂದು ಮನೆ ಇದ್ದ ರಸ್ತೇಲಿ ಇವತ್ತಿಗೂ ನಾನು ಹೋಗಲ್ಲ. ಪೇಟೆಗೆ ಸುತ್ತು ಬಳಸಿ ಹೋಗ್ತೀನಿ.”

ಅದಕ್ಕೇ ಮಾವ ಯಾವಾಗಲೂ ತಡ!

ಜೂನ್ ೨೨, ಭಾನುವಾರ

ನಾಲ್ಕು ಗಂಟೆ. ಅಮ್ಮ ಪಕ್ಕದಲ್ಲೇ ಕೂತು ಹೊದಿಕೆ ಮಡಚುತ್ತಿದ್ದಳು. ಅಕ್ಕ ಓದುವ ನೆಪದಲ್ಲಿ ಪುಸ್ತಕ ಹಿಡಿದಿದ್ದಳು, ಒಂದು ಹಾಳೆಯೂ ತಿರುವಲಿಲ್ಲ. ಕಟ್ಟೆಯಲ್ಲಿ ಎಂಬತ್ತಕ್ಕೂ ಹೆಚ್ಚು ಜನ. ಇಷ್ಟು ಜನ ಯಾವತ್ತೂ ಸೇರಿರಲಿಲ್ಲ.

ಪಂಡಿತರು, “ಮತಕ್ಕೆ ಮೊದಲು ಮೊಳೆಯವರು ಮಾತಾಡ್ತಾರೆ,” ಎಂದರು.

ಬಾಯಿಪಾಠ ಮಾಡಿದ್ದ ಭಾಷಣ ಬಿಟ್ಟೆ. “ನನ್ನ ವಾದ ತಪ್ಪು,” ಎಂದೆ. “ಕೊಂಡಿ ಹೊರಗಡೆ ಇರೋದು ನಿಜ. ಆದ್ರೆ ಬಾಗಿಲನ್ನೇ ಉಲ್ಟಾ ಕೂರಿಸಿದಾರೆ, ಕೀಲಿನ ಗೆಣ್ಣು ನೋಡಿ. ಎಲ್ಫರಲ್ಲ. ಆಟ ಮಾಡಿದವರು.”

ಎಲ್ಲರ ಮಾತೂ ಒಟ್ಟಿಗೆ ಕೇಳಿಸಿತು. “ಏನಮ್ಮಾ ಇದು ತಮಾಷೆ,” “ನಮ್ಮ ಹತ್ರ ಮತ ಕೇಳ್ಕೊಂಡು,” “ಬಡಗಿ ಪಾಠ ಯಾರಿಗೆ ಬೇಕು.” ಮಹಡಿ ಕಟ್ಟಿದವರಿಗೆ ಬಹಳ ಸಿಟ್ಟು. ಹದಿನೈದು ಜನ ಎದ್ದೇ ಹೋದರು. ಬಾಣಲಿ ನಿಟ್ಟುಸಿರಿಟ್ಟು, “ನಿನ್ನ ತಲೆ ಮೇಲೆ ನೀನೇ ಸುತ್ತಿಗೆ ಹೊಡ್ಕೊಂಡ್ಯಲ್ಲೇ ಮೊಳೆ,” ಎಂದಳು.

“ಸ್ವಲ್ಪ ಸುಮ್ನಿರಿ,” ಎಂದರು ಪಂಡಿತರು. ಕೆಮ್ಮಿದರು. “ಗೆಣ್ಣು ಅಂದ್ರಲ್ಲ, ಅದೇನು? ನನಗೆ ಗೊತ್ತಿಲ್ಲ. ಮೊದಲಿಂದ ಹೇಳಿ.”

ಹೇಳಿದೆ. ಅರ್ಜಿಯ ಹಿಂದಿನ ಚಿತ್ರದ ಮೇಲೆ ತಡೆಯಂಚು, ಕೀಲು, ಗಂಟು ಎಲ್ಲ ಗುರುತು ಹಾಕಿ ಕ್ಯಾಮೆರಾಕ್ಕೆ ಹಿಡಿದೆ. ಅವರು ಮಧ್ಯೆ ಮಧ್ಯೆ ತಡೆದು ಕೇಳುತ್ತಿದ್ದರು. ಎಂಥ ಪ್ರಶ್ನೆಗಳು! ಗೆಣ್ಣು ಹೊರಗಿದ್ದರೆ ಕಳ್ಳ ಅದರ ಕಡ್ಡಿ ಕಿತ್ತು ಕದ ಎತ್ತಬಹುದಲ್ಲ? ಎರಡು ಕದದಲ್ಲಿ ಯಾವುದು ಮೊದಲು ಮುಚ್ಚಬೇಕು? ಉಳಿದವರನ್ನು ಕರೆದುಕೊಂಡು ಮೊದಲನೇ ಬಾಗಿಲ ಹಿಂದಿನ ಸಂದಿಗೆ ಹೋದೆವು. ಎಲ್ಲರೂ ಒಬ್ಬೊಬ್ಬರಾಗಿ ತೂರಿ ಮೀನಿನ ಕಣ್ಣು ನೋಡಿ ಬಂದರು. ಬಾಣಲಿ ಬಾಣಲಿಯ ಸಮೇತ ಸಿಕ್ಕಿಹಾಕಿಕೊಂಡಳು, ನಾಲ್ಕು ಜನ ಎಳೆದರು.

ಮುಕ್ಕಾಲು ಗಂಟೆಯಾದ ಮೇಲೆ ಪಂಡಿತರು, “ಹಾಗಾದ್ರೆ ಆ ಬಾಗಿಲು ಯಾವ ಸಾಕ್ಷಿಯನ್ನೂ ಹೇಳಲ್ಲ,” ಎಂದರು.

“ಇಲ್ಲ ಸರ್. ನೀವೇ ಗೆದ್ರಿ.”

“ನಿಮಗೆ ಹೇಳದ ಸಾಕ್ಷೀನ ಅದು ನನಗೆ ಹೇಗೆ ಹೇಳುತ್ತೆ? ಒಳಗಿನಿಂದ ಹಾಕ್ಕೊಂಡ್ರು ಅಂತ ನಾನು ಬರೆದದ್ದೂ ಅದೇ ಬಾಗಿಲು ನೋಡಿ. ಹನ್ನೆರಡು ವರ್ಷ ಅದರ ಮುಂದೆ ನಿಂತು ಎಲ್ಫರ ಅಹಂಕಾರ ನೋಡಿದೆ. ಕೀಲು ನೋಡ್ಲಿಲ್ಲ. ನನ್ನ ಪುಟ ತೆಗೆದುಬಿಡ್ತೀನಿ,” ಎಂದರು.

ತೆಗೆದೇಬಿಟ್ಟರು. ಅಲ್ಲೇ, ಎಲ್ಲರ ಮುಂದೆ. ಕೋಶದ ಮೊದಲ ಪುಟ ಈಗ ಖಾಲಿ. ಕಲ್ಲಿನ ಒಂದು ಸಾಲು ಮಾತ್ರ ಉಳಿದಿದೆ. ಮತ ಯಾರಿಗೂ ಹಾಕಲಿಲ್ಲ.

ಹೋಗುವ ಮೊದಲು ಅವರು, “ಏಳು ಬಾಗಿಲುಗಳ ಬಗ್ಗೆ ಒಂದು ಪುಟ ಬರೆದುಕೊಡಿ. ಮೊದಲ ಪುಟಕ್ಕಲ್ಲ, ಹಿಂದೆಲ್ಲೋ ಹೋಗುತ್ತೆ. ಚಿತ್ರ ಬೇಕು,” ಎಂದರು.

“ನಾನು ಹತ್ತನೇ ಕ್ಲಾಸ್ ಮುಗಿಸಿಲ್ಲ ಸರ್.”

“ನಾನು ಗ್ರಂಥಾಲಯದಲ್ಲಿ ಪುಸ್ತಕ ಜೋಡಿಸೋನು. ಜನ ಓದಿ ಎಲ್ಲೆಲ್ಲೋ ಬಿಟ್ಟಿದ್ದನ್ನ ಅದರದರ ಜಾಗದಲ್ಲಿ ಇಡೋದು ನನ್ನ ಕೆಲಸ. ನಿಮ್ಮ ಪುಟಕ್ಕೆ ಜಾಗ ಇದೆ. ಅಳತೆ ತಪ್ಪಬಾರದು, ಅಷ್ಟೆ.”

ಕಂಪ್ಯೂಟರ್ ಮುಚ್ಚಿದೆ. ಅಮ್ಮ, “ಗೆದ್ಯಾ?” ಎಂದಳು.

“ಇಲ್ಲ.”

“ಸೋತ್ಯಾ?”

“ಹೂಂ.”

“ಮತ್ಯಾಕೆ ಊರು ಗೆದ್ದವಳ ಹಾಗೆ ಎದೆ ಉಬ್ಬಿಸ್ಕೊಂಡಿದೀಯ?”

ನನಗೂ ಗೊತ್ತಿರಲಿಲ್ಲ. ಕನ್ನಡಿಯಲ್ಲಿ ನೋಡಿಕೊಂಡೆ. ನಿಜವಾಗಿಯೂ ಉಬ್ಬಿತ್ತು.

ಜೂನ್ ೨೪, ಮಂಗಳವಾರ

ಪುಟ ಬರೆಯುತ್ತಿದ್ದೇನೆ. ಕದ ಎಷ್ಟು ತಿರುಗುತ್ತದೆ, ಸಂದಿ ಎಷ್ಟು ಕೋನದಲ್ಲಿ ಉಳಿಯುತ್ತದೆ ಎಂದು ತೋರಿಸಲು ಲೆಕ್ಕ ಬೇಕು. ಅಕ್ಕನ ಹಳೆಯ ಗಣಿತದ ಪುಸ್ತಕ ಮಂಚದ ಕೆಳಗಿನ ಪೆಟ್ಟಿಗೆಯಿಂದ ತೆಗೆದೆ. ಅಂಥ ಕಷ್ಟವೇನಲ್ಲ. ಬಾಗಿಲು ಎಂದುಕೊಂಡು ನೋಡಿದರೆ ಅರ್ಧಕ್ಕರ್ಧ ತಿಳಿಯುತ್ತದೆ.

ಜೂನ್ ೨೬, ಗುರುವಾರ

ಪಂಡಿತರ ಪ್ರಶ್ನೆಗೆ ಉತ್ತರ ಸಿಕ್ಕಿತು. ಎಲ್ಫರು ನಿರ್ದೋಷಿಗಳೆಂದರೆ ನನಗೆ ಅಷ್ಟು ಖುಷಿ ಯಾಕೆ.

ಇದನ್ನು ಅಕ್ಕನಿಗೆ ಹೇಳಿದೆ, ಮಹಡಿಯ ಮೇಲೆ ಬಟ್ಟೆ ತೆಗೆಯುವಾಗ. ಇಲ್ಲೂ ಬರೆಯುತ್ತೇನೆ. ನನ್ನನ್ನು ಹೊರಗೆ ಕಳಿಸಿದ್ದು ನಿಜ. ಆದರೆ ಆ ಪ್ರಶ್ನೆಪತ್ರಿಕೆಯನ್ನು ಮೊದಲೇ ನೋಡಿದ್ದರೂ ನನಗೆ ಅದರಲ್ಲಿ ಅರ್ಧ ಲೆಕ್ಕ ಬರುತ್ತಿರಲಿಲ್ಲ. ಎದ್ದು ನಿಂತು ಹೇಳಿದ್ದು ಸತ್ಯ. ಹೊರಗೆ ಬಂದಾಗ ಉಸಿರು ಹಗುರಾದದ್ದೂ ಅಷ್ಟೇ ಸತ್ಯ. ಹೆಡ್‌ಮಿಸ್ ಎರಡು ಸಲ ಫೋನು ಮಾಡಿದ್ದರು. ‘ನೀನೊಬ್ಬಳೇ ನಿಜ ಹೇಳಿದ್ದು, ಮರುಪರೀಕ್ಷೆಗೆ ಬಾ, ನಾನೇ ಕೂರಿಸ್ತೀನಿ,’ ಎಂದಿದ್ದರು. ಫೋನು ಎತ್ತಿದವಳು ನಾನು. ಮನೆಯಲ್ಲಿ ಯಾರಿಗೂ ಹೇಳಲಿಲ್ಲ. ಬಾಗಿಲು ಮುಚ್ಚಿದ ಆ ದಿನ ನಾನೂ ಅಳಲಿಲ್ಲ. ನನ್ನ ಬಾಗಿಲಿನ ಕೊಂಡಿ ಒಳಗೆ, ನನ್ನ ಕಡೆಯೇ ಇದೆಯೆಂದು ನನಗೆ ಗೊತ್ತಿತ್ತು.

ಅಕ್ಕ ಒದ್ದೆ ಟವೆಲ್ ಹಿಡಿದು ನಿಂತುಬಿಟ್ಟಳು. “ಎರಡು ಸಲ ಫೋನ್ ಮಾಡಿದ್ರಾ?”

“ಹೂಂ.”

“ಹೆಡ್‌ಮಿಸ್ಸಾ?”

“ಹೂಂ ಅಂದ್ನಲ್ಲ.”

“ಅಯ್ಯೋ ಪಾಪಿ! ಮೂರು ವರ್ಷದಿಂದ ಅವರನ್ನ ಕಂಡ್ರೆ ಮುಖ ತಿರುಗಿಸ್ಕೊಂಡು ಹೋಗ್ತಿದೀನಿ ನಾನು! ಬಸ್ಸಲ್ಲಿ ಸೀಟು ಬಿಟ್ಟುಕೊಟ್ರೂ ಕೂತಿಲ್ಲ! ಮೊನ್ನೆ ಅಂಗಡಿಗೆ ಔಷಧಿಗೆ ಬಂದ್ರೆ ಬೇಕು ಅಂತ್ಲೇ ಕೊನೇಲಿ ಕೊಟ್ಟೆ!”

ಟವೆಲ್ಲಿನಲ್ಲೇ ನಾಲ್ಕು ಬಿಟ್ಟಳು. ಆಮೇಲೆ ಕೆಳಗೆ ಕೂತು ನಕ್ಕಳು. ಆಮೇಲೆ ಇನ್ನೊಂದು ಬಿಟ್ಟಳು.

ಜೂನ್ ೨೯, ಭಾನುವಾರ

ಪುಟ ಮುಗಿಯಿತು. ಏಳು ಬಾಗಿಲು, ಹದಿನಾಲ್ಕು ಕದ, ಮೂರು ಚಿತ್ರ. ಕೊನೆಯಲ್ಲಿ ಒಂದು ಸಾಲು ಸೇರಿಸಿದ್ದೇನೆ: ‘ಎಲ್ಫರು ಯಾಕೆ ಒಳಗೆ ಹೋದರೆಂದು ಈ ಬಾಗಿಲು ಹೇಳುವುದಿಲ್ಲ. ಅದನ್ನು ಎಲ್ಫರನ್ನೇ ಕೇಳಬೇಕು.’ ಪಂಡಿತರು ಎರಡು ಕಡೆ ಅಳತೆ ಕೇಳಿ, ಒಂದು ಕಡೆ ನನ್ನ ತಪ್ಪು ಹಿಡಿದು, ಕೋಶದ ಮುನ್ನೂರ ಹನ್ನೆರಡನೇ ಪುಟದಲ್ಲಿ ಇಟ್ಟರು. ಕೆಳಗೆ ‘ಮೊಳೆ’ ಎಂದಿದೆ. ನೆತ್ತಿಯ ಮೇಲಲ್ಲ, ಕಾಲ ಬಳಿ. ಹನ್ನೊಂದು ಸಲ ತೆರೆದು ನೋಡಿದೆ.

ಮುನ್ನೂರ ಹನ್ನೆರಡನೇ ಪುಟವನ್ನು ಯಾರು ಓದುತ್ತಾರೆ ಎಂದು ಬಾಣಲಿ ಕೇಳಿದಳು. ಬಾಗಿಲು ಮಾಡುವವರು ಓದುತ್ತಾರೆ ಎಂದೆ.

ಬೆಳಿಗ್ಗೆ ದರ್ಜಿ ಅಜ್ಜಿ ಅಂಗಡಿಗೆ ಬಂದಿದ್ದರು, ಇನ್ನೊಂದು ಬಾಗಿಲು ಬೇಕಂತೆ, ಹಿತ್ತಿಲಿಗೆ. “ಆ ಹುಡುಗೀನೇ ಮಾಡ್ಲಿ,” ಎಂದು ಮಾವನಿಗೆ ನನ್ನ ಮುಂದೆಯೇ ಹೇಳಿದರು. “ತಪ್ಪು ಮಾಡಿದ್ರೆ ಹೇಳ್ತಾಳೆ.” ಮಾವ ನನ್ನ ಕೈಗೆ ಸೀಮೆಸುಣ್ಣದ ಇಡೀ ಡಬ್ಬಿ ಕೊಟ್ಟರು.

ಸಂಜೆ ಅಕ್ಕ ಗೂಡಿನಲ್ಲಿ ಏನೋ ಹುಡುಕುತ್ತಿದ್ದಳು. “ಎಲ್ಲೇ ಅರ್ಜಿ? ನಾಳೆ ಕೊನೇ ದಿನ.”

ತೆಗೆದು ತೋರಿಸಿದೆ. ಹಿಂಬದಿಯಲ್ಲಿ ಏಳನೇ ಬಾಗಿಲು, ಕೀಲು, ಕೊಂಡಿ, ಮೀನಿನ ಕಣ್ಣು. ಒಂದು ಕದದ ಮೇಲೆ ದೊಡ್ಡದಾಗಿ ‘ಒಳ’. ಇದರ ಮೇಲೆ ಮೊಹರು ಒತ್ತಿ ಎಲ್ಲೋ ಕಡತಕ್ಕೆ ಹಾಕಿಬಿಟ್ಟರೆ ಏನು ಗತಿ? ಇಷ್ಟು ಚೆನ್ನಾಗಿ ಬಂದ ಚಿತ್ರ. ಪಂಡಿತರು ಬೇರೆ ಮೂಲಪ್ರತಿ ಜೋಪಾನವಾಗಿಡಿ ಎಂದಿದ್ದಾರೆ.

ನಾಳೆ ಬೆಳಿಗ್ಗೆ ಇನ್ನೊಂದು ಅರ್ಜಿ ತಂದುಕೊಡು ಎಂದೆ. ಇದನ್ನು ಕೊಡಲು ಆಗುವುದಿಲ್ಲ.